ಎಂಟುನೂರು ರೂಪಾಯಿ ದೋಣಿ, ಇಪ್ಪತ್ತೊಂದು ಗುಂಡು

ಹೋದ ವಾರ ಗೋಡೆಗೆ ಸುಣ್ಣ ಹಚ್ಚಬೇಕೆಂದು ನಿಮ್ಮ ತಾತನ ಪಟ ಇಳಿಸಿದಿರಲ್ಲ, ಆಗ ಹಿಂದಿನ ರಟ್ಟು ಕಳಚಿ ಒಂದು ಹಳದಿ ಕಾಗದ ನೆಲಕ್ಕೆ ಬಿತ್ತು. ನೀವು ಮೂವರೂ ಅದರ ಮೇಲೆ ಮುಗಿಬಿದ್ದಿರಿ. "ಅಜ್ಜೀ, ಹಾಯಿದೋಣಿ ಬಿಲ್ಲು! ಎಂಟುನೂರು ರೂಪಾಯಿ! ಆಗಿನ ಕಾಲದಾಗ! ಈಗ ಇದ್ದಿದ್ರ ಎಷ್ಟು ಲಕ್ಷ ಆಗ್ತಿತ್ತು?" ಎಂದು ಕೇಳಿದಿರಿ. ನಿಮ್ಮ ಕಣ್ಣಲ್ಲಿ ಆ ಹೊಳಪು ಕಂಡೆ. ಅದೇ ಹೊಳಪು. ನಿಮ್ಮ ತಾತನದು.

ನಾನು ಎದ್ದು ಅಡಿಗೆಮನೆಗೆ ಹೋದೆ. ನಾಲ್ಕು ಜನ ಕೂತಲ್ಲಿ ನನಗೆ ಮಾತು ಬಾರದು, ಮೊದಲಿನಿಂದಲೂ ಹಾಗೆಯೇ. ಆದರೆ ಕುರುಗೋಡಿನ ಶಾಲೆಯಲ್ಲಿ ನಾಲ್ಕನೇ ತರಗತಿಯವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಅದಕ್ಕೇ ಬರೆಯುತ್ತಿದ್ದೇನೆ. ಓದಿ, ಆಮೇಲೆ ಲಕ್ಷದ ಮಾತಾಡಿ.

ಬಿಳಿಯರು ಗಂಟುಮೂಟೆ ಕಟ್ಟುತ್ತಿದ್ದ ವರ್ಷ ಅದು. ಬಳ್ಳಾರಿಯ ದಂಡಿನ ಕಡೆ ಒಂದೊಂದು ಬಂಗಲೆಯ ಮುಂದೂ ಹರಾಜು ನಡೆಯುತ್ತಿತ್ತಂತೆ. ನಿಮ್ಮ ತಾತ ಸೇಂಗಾ ಮಾರಲು ಸಿರುಗುಪ್ಪದಿಂದ ಬಂಡಿ ಕಟ್ಟಿಕೊಂಡು ಹೋದರು. ಹೋಗುವಾಗ ನಾನು ನನ್ನ ಗುಂಡಿನ ಸರ ಬಿಚ್ಚಿ ಕೊಟ್ಟೆ. ಅದು ನಮ್ಮವ್ವ ನನಗೆ ಹಾಕಿದ್ದು. ಇಪ್ಪತ್ತೊಂದು ಬಂಗಾರದ ಗುಂಡು. ಅದರ ಕೊಂಡಿ ಸಡಿಲಾಗಿತ್ತು, ಬಳ್ಳಾರಿಯ ಪತ್ತಾರರ ಅಂಗಡಿಯಲ್ಲಿ ಬಿಗಿ ಮಾಡಿಸಿಕೊಂಡು ಬನ್ನಿ ಎಂದೆ. ಅಷ್ಟೇ ನಾನು ಮಾಡಿದ ತಪ್ಪು.

ಐದನೆಯ ದಿನ ಮಧ್ಯಾಹ್ನ ಬಂಡಿ ಅಂಗಳಕ್ಕೆ ಬಂತು. ಸೇಂಗಾ ಚೀಲ ಹೋದ ಬಂಡಿಯ ಮೇಲೆ ಬೋರಲಾಗಿ ಏನೋ ದೊಡ್ಡದು ಮಲಗಿತ್ತು. ಬಿಳಿ ಬಣ್ಣ, ಅಂಚಿಗೆ ನೀಲಿ ಗೆರೆ. ನಮ್ಮತ್ತೆ ಅದನ್ನು ನೋಡಿ, "ಯಪ್ಪಾ, ಇದ್ಯಾವ ದನ ಸತ್ತೈತೋ" ಎಂದರು.

"ದನ ಅಲ್ಲಬೇ, ಹಾಯಿದೋಣಿ" ಎಂದು ನಿಮ್ಮ ತಾತ ಬಂಡಿಯಿಂದ ಇಳಿದರು. "ದೊರಿ ದೋಣಿ. ಸೀಮಿ ಮರ. ಎಂಟುನೂರು ರೂಪಾಯಿ ಮಾಲು, ನೂರಾ ಇಪ್ಪತ್ತಕ್ಕ ಹೊಡದೀನಿ!"

ನಾನು ಬಾಗಿಲ ಸಂದಿಯಲ್ಲಿ ನಿಂತು ಕೇಳಿದೆ, "ಸರ ಎಲ್ಲಿ?"

ಅವರು ದೋಣಿಯ ಬೆನ್ನಿಗೆ ಎರಡು ಸಲ ಅಂಗೈ ಬಡಿದರು. "ಅದೂ ಇದರಾಗ ಐತಿ. ಹತ್ತು ವರ್ಷ ತಡಿ, ಒಂದು ಸರದಾಗ ನಾಕು ಸರ ಹೊಂಡ್ತಾವ."

ಆ ದೊರೆ ಮಳೆಗಾಲದಲ್ಲಿ ಬಳ್ಳಾರಿಯ ಕೆರೆಯಲ್ಲಿ ಅದನ್ನು ಆಡಿಸುತ್ತಿದ್ದನಂತೆ. ಬಳ್ಳಾರಿಯ ಕೆರೆಯಲ್ಲಿ ಹಾಯಿದೋಣಿ! ಸಂಕ್ರಾಂತಿ ದಾಟಿದರೆ ಆ ಕೆರೆಯಲ್ಲಿ ಎಮ್ಮೆಯ ಮೊಣಕಾಲೂ ನೆನೆಯುವುದಿಲ್ಲ. ಆದರೆ ಆ ದೊರೆ ದೋಣಿಯ ಜೊತೆಗೆ ಅದನ್ನು ಹೊಸದಾಗಿ ಕೊಂಡಾಗಿನ ಬಿಲ್ಲನ್ನೂ ಕೊಟ್ಟಿದ್ದ. ನಿಮ್ಮ ತಾತ ಕೊಂಡಿದ್ದು ದೋಣಿಯನ್ನಲ್ಲ, ಆ ಬಿಲ್ಲನ್ನು ಎಂದು ನನಗೆ ಆಮೇಲೆ ತಿಳಿಯಿತು. ಮರುವಾರವೇ ಅದಕ್ಕೆ ಗಾಜು ಹಾಕಿಸಿ, ಚೌಕಟ್ಟು ಕಟ್ಟಿಸಿ, ಪಡಸಾಲೆಯಲ್ಲಿ ದೇವರ ಪಟದ ಪಕ್ಕಕ್ಕೇ ಮೊಳೆ ಹೊಡೆದರು. ಮನೆಗೆ ಯಾರು ಬಂದರೂ ಮೊದಲು ಅದನ್ನು ತೋರಿಸುವುದು, ಆಮೇಲೆ ನೀರು ಕೊಡುವುದು. ಇಂಗ್ಲಿಷು ಓದಲು ಬಂದವರು ಊರಲ್ಲಿ ಇಬ್ಬರೇ ಇದ್ದರು. ಉಳಿದವರು ಬರೇ ಎಂಟು ಮತ್ತು ಎರಡು ಸೊನ್ನೆ ನೋಡಿ ತಲೆ ಆಡಿಸಿ ಹೋಗುತ್ತಿದ್ದರು. ಅವರಿಗೆ ಅದು ದೋಣಿಯ ಜಾತಕವಾಗಿತ್ತು. ಹುಟ್ಟಿದ ಗಳಿಗೆ ಒಳ್ಳೆಯದು, ಇನ್ನೇನು ಚಿಂತೆ ಎಂಬಂತೆ.

ನಮ್ಮ ಹೊಳೆಯಲ್ಲಿ ಜನರನ್ನು ದಾಟಿಸುತ್ತಿದ್ದ ಅಂಬಿಗ ದೋಣಿ ನೋಡಲು ಬಂದ. ಅವನ ಹರಿಗೋಲಿಗೆ ಬೆಲೆಯೆಂಬುದೇ ಇರಲಿಲ್ಲ. ಬಿದಿರು ಮುರಿದರೆ ಹೊಸ ಬಿದಿರು ಹೆಣೆಯುತ್ತಿದ್ದ, ತೊಗಲು ಹರಿದರೆ ಹೊಸ ತೊಗಲು ಬಿಗಿಯುತ್ತಿದ್ದ. ಸುಗ್ಗಿಯಲ್ಲಿ ಒಂದೊಂದು ಕಣದಿಂದ ಒಂದೊಂದು ಮೊರ ಜೋಳ ಅವನಿಗೆ ಸಲ್ಲುತ್ತಿತ್ತು. ವರ್ಷವಿಡೀ ಯಾರು ಕೂಗಿದರೂ ಅವನು ದಾಟಿಸಬೇಕು. ಅವನು ದೋಣಿಯ ಸುತ್ತ ಎರಡು ಸುತ್ತು ಬಂದು, ಹಲಗೆಗೆ ಬೆರಳ ಗೆಣ್ಣಿನಿಂದ ಬಡಿದು, ಕಿವಿ ಇಟ್ಟು ಕೇಳಿದ.

"ಮರ ಚಲೋ ಐತ್ರಿ ಗೌಡ್ರ. ನೀರಾಗ ಬಿಡ್ರಿ. ಒಣಗಿಸಿದ್ರ ಬಾಯಿ ಬಿಡ್ತೈತಿ."

"ನಿನ್ನ ತೊಗಲಿನ ಬುಟ್ಟಿ ಅಲ್ಲಲೇ ಇದು. ನೀರಿಗೆ ಬಿಟ್ರ ಬಣ್ಣ ಹೋಗ್ತೈತಿ. ಬಣ್ಣ ಹೋದ್ರ ಬೆಲಿ ಹೋಗ್ತೈತಿ."

"ಮತ್ತ ದೋಣಿನ ನೀರಿಗೆ ಬಿಡದ ಎಲ್ಲಿಗೆ ಬಿಡ್ತೀರಿ?"

"ಬಿಡೋದಿಲ್ಲ. ಇಡ್ತೀನಿ."

ಅಂಬಿಗ ನಕ್ಕ. "ಇಡ್ರಿ, ಇಡ್ರಿ. ಮೊಟ್ಟಿ ಇಟ್ರೂ ಇಡಬೌದು" ಎಂದು ಹೋದ.

ಮೊಟ್ಟೆ ಇಟ್ಟಿದ್ದು ಕೋಳಿಗಳು. ಕೊಟ್ಟಿಗೆಯ ಪಕ್ಕಕ್ಕೆ ಚಪ್ಪರ ಹಾಕಿಸಿ ದೋಣಿಯನ್ನು ಅಲ್ಲಿ ಕೂರಿಸಿದರು. ಎತ್ತು ಮಳೆಯಲ್ಲಿ ನೆನೆದರೂ ಸರಿ, ದೋಣಿ ನೆನೆಯಬಾರದು. ದೋಣಿ ನೆನೆಯಬಾರದಂತೆ! ನಗಬೇಡಿ, ಆರು ವರ್ಷ ಈ ಮನೆಯಲ್ಲಿ ಇದೇ ವೇದವಾಕ್ಯ. ಸೋಮವಾರಕ್ಕೊಮ್ಮೆ ಅವರೇ ಕೂತು ಅದಕ್ಕೆ ಕುಸುಬೆ ಎಣ್ಣೆ ತಿಕ್ಕುತ್ತಿದ್ದರು. ನಮ್ಮತ್ತೆ ಕಂಬಕ್ಕೆ ಒರಗಿ, "ನನ್ನ ತಲಿ ನೆತ್ತಿ ಉರದು ಸಾಯಾಕತ್ತೀನಿ, ಒಂದು ಹನಿ ಎಣ್ಣಿ ಇಲ್ಲ. ಹೊಳಿ ಕಾಣದ ದೋಣಿಗೆ ವಾರಾ ವಾರಾ ಅಭ್ಯಂಜನ" ಎನ್ನುತ್ತಿದ್ದರು. ಅವರು ಮಾತಿನಲ್ಲೇ ಬಿಡುವವರಲ್ಲ. ಹಾಯಿಯ ಬಟ್ಟೆಯನ್ನು ಮಾಳಿಗೆಯ ಮೇಲೆ ಹಾಸಿ ಅದರ ಮೇಲೆ ಮೆಣಸಿನಕಾಯಿ ಒಣಗಿಸತೊಡಗಿದರು. "ಏನು ಗಟ್ಟಿ ಬಟ್ಟಿ! ದೊರಿಗೆ ಬುದ್ಧಿ ಇಲ್ಲ, ಇದನ್ನ ಕೋಲಿಗೆ ಕಟ್ಟಿ ಹಾಳು ಮಾಡ್ಯಾನ" ಎಂದರು. ಆ ದೋಣಿಯಿಂದ ನಮ್ಮ ಮನೆಗೆ ಆರು ವರ್ಷ ಸಿಕ್ಕ ಉಪಯೋಗ ಅದೊಂದೇ.

ನನ್ನ ಕೊರಳು ಬರಿದಾಗಿತ್ತು. ಕುರುಗೋಡಿಗೆ ತವರಿಗೆ ಹೋದಾಗಲೆಲ್ಲ ಸೆರಗನ್ನು ಕೊರಳ ಸುತ್ತ ಹೊದ್ದು ಕೂರುತ್ತಿದ್ದೆ. ನಮ್ಮವ್ವ ಕೇಳಿದರೆ, "ಕೊಂಡಿ ಸಡಿಲಾಗೈತಿ, ಪತ್ತಾರನ ಹತ್ರ ಐತಿ" ಎನ್ನುತ್ತಿದ್ದೆ. ಒಂದು ಕೊಂಡಿ ಬಿಗಿ ಮಾಡಲು ಎಷ್ಟು ವರ್ಷ ಬೇಕೆಂದು ಅವಳು ಕೇಳಲಿಲ್ಲ. ಕೇಳದೆ ಇದ್ದದ್ದೇ ನನ್ನನ್ನು ಹೆಚ್ಚು ನೋಯಿಸುತ್ತಿತ್ತು.

ಇತ್ತ ದೋಣಿಯ ಹಲಗೆಗಳ ನಡುವೆ ಸಂದು ಕಾಣತೊಡಗಿತು. ಮೊದಲು ಕೂದಲೆಳೆ, ಆಮೇಲೆ ಉಗುರು ಹೋಗುವಷ್ಟು. ನಿಮ್ಮ ತಾತ ಅದಕ್ಕೆ ಮೇಣ ತುಂಬಿ ಮೇಲೆ ಬಿಳಿ ಬಣ್ಣ ಬಳಿದರು. ನೋಡಿದವರಿಗೆ ದೋಣಿ ಮದುಮಗಳ ಹಾಗೆ ಕಾಣುತ್ತಿತ್ತು.

ಹೊಳೆಗೆ ಮೇಲುಗಡೆ ದೊಡ್ಡ ಕಟ್ಟೆ ಕಟ್ಟುತ್ತಿದ್ದ ಕಾಲ ಬಂತು. ಆ ಕೆಲಸದ ಒಬ್ಬ ಕಂತ್ರಾಟುದಾರ ಕಾಲುವೆಯ ಜಾಗ ನೋಡಲು ನಮ್ಮ ಕಡೆ ಬಂದವನು ದೋಣಿಯ ಸುದ್ದಿ ಕೇಳಿ ಮನೆಗೇ ಬಂದ. ಬಳ್ಳಾರಿಯಲ್ಲಿ ಮನೆ, ಕೈತುಂಬ ಉಂಗುರ, ಮಾತಿನಲ್ಲಿ ಅರ್ಧ ತೆಲುಗು. ಕಟ್ಟೆಯ ಹಿಂದೆ ನೀರು ನಿಂತ ಮೇಲೆ ಅಡ್ಡಾಡಲು ಅವನಿಗೆ ಒಂದು ದೋಣಿ ಬೇಕಿತ್ತು. ನಿಮ್ಮ ತಾತ ಗೋಡೆಯಿಂದ ಚೌಕಟ್ಟನ್ನೇ ಇಳಿಸಿ ಅವನ ಕೈಗೆ ಕೊಟ್ಟರು. ಅವನು ಓದಿ ಕೆಳಗಿಟ್ಟ.

"ಬಾಗುಂದಿ, ಚಲೋ ಐತಿ ಗೌಡ್ರ ನಿಮ್ಮ ಬಿಲ್ಲು. ದೋಣಿ ನೀರಿಗೆ ಇಳಸ್ರಿ."

ಹತ್ತು ಜನ ಹೊತ್ತು ಹೊಳೆಗೆ ತಂದರು. ಇಡೀ ಊರು ಹಿಂದೆ ಬಂತು. ನಾನೂ ಹೆಂಗಸರ ಹಿಂದೆ ನಿಂತಿದ್ದೆ. ಬೇಸಿಗೆಯ ಕಡೆಯ ದಿನಗಳು. ದೋಣಿಯನ್ನು ಮೊಣಕಾಲುದ್ದದ ನೀರಿಗೆ ಇಳಿಸಿದರು. ನಿಮ್ಮ ತಾತ ರುಮಾಲು ಸರಿಮಾಡಿಕೊಂಡು ಅದರೊಳಗೆ ಹತ್ತಿ ಕೂತರು. ಎಲೆ ಅಡಿಕೆ ಬಾಯಿಗೆ ಹಾಕಿ ಸುಣ್ಣ ಹುಡುಕುವಷ್ಟು ಹೊತ್ತು ದೋಣಿ ತೇಲಿತು. ಆಮೇಲೆ ಮೇಣ ಕಿತ್ತುಬಂತು. ಸಂದುಸಂದಿನಿಂದ ನೀರು ಒಳಗೆ ಬಂತು. ನಿಮ್ಮ ತಾತ ಕದಲದೆ ಕೂತೇ ಇದ್ದರು, ದೋಣಿ ಅವರ ಕೆಳಗೆ ಮೆಲ್ಲಗೆ ನೆಲ ಮುಟ್ಟಿತು. ಸೊಂಟದವರೆಗೆ ನೀರು, ತಲೆಯ ಮೇಲೆ ರುಮಾಲು.

"ಗೌಡ್ರ ಜಳಕಕ್ಕ ಎಂಟುನೂರು ರೂಪಾಯಿ ತೊಟ್ಟಿ ತಂದಾರಲೇ!" ಎಂದು ಯಾರೋ ಕೂಗಿದರು. ದಂಡೆಯೆಲ್ಲ ನಕ್ಕಿತು.

ಅಂಬಿಗ ಮಾತ್ರ ನಗಲಿಲ್ಲ. "ಎಂಟು ದಿನ ಹಿಂಗ ಮುಳುಗಿಸಿ ಇಡ್ರಿ ಗೌಡ್ರ, ಮರ ಉಬ್ಬಿ ತಾನ ಬಾಯಿ ಮುಚ್ಚತೈತಿ" ಎಂದ. ನಿಮ್ಮ ತಾತ ಕೇಳಿಸಿಕೊಳ್ಳಲಿಲ್ಲ. "ಎತ್ರಿ, ಎತ್ರಿ, ಬಣ್ಣ ಹೋಗ್ತೈತಿ" ಎಂದು ಅವಸರ ಮಾಡಿದರು.

ಈಗ ಒಂದು ಮಾತು ಹೇಳುತ್ತೇನೆ. ಅದೇ ಜಾಗದಲ್ಲಿ, ಹತ್ತು ಹೆಜ್ಜೆ ಆಚೆಗೆ, ನಮ್ಮ ಎರಡು ಬಂಡಿಗಳ ನಾಲ್ಕು ಗಾಲಿಗಳು ನೀರಿನಲ್ಲಿ ಮಲಗಿದ್ದವು. ಬೇಸಿಗೆಯಲ್ಲಿ ಗಾಲಿಯ ಮರ ಒಣಗಿ ಕುಗ್ಗುತ್ತದೆ, ಕಬ್ಬಿಣದ ಪಟ್ಟಿ ಸಡಿಲಾಗುತ್ತದೆ. ಆಗ ಗಾಲಿ ಬಿಚ್ಚಿ ಹೊಳೆಗೋ ಕೆರೆಗೋ ಉರುಳಿಸಿ ನಾಲ್ಕು ದಿನ ಬಿಡುವುದು, ಮರ ಉಬ್ಬಿ ಬಿಗಿಯಾದ ಮೇಲೆ ತರುವುದು. ನಮ್ಮ ಸೀಮೆಯಲ್ಲಿ ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ, ತೊಟ್ಟಿಲ ಕೂಸಿಗೂ ಗೊತ್ತು. ಆ ಗಾಲಿಗಳನ್ನು ನೀರಿಗೆ ಹಾಕಿಸಿದವರು ನಿಮ್ಮ ತಾತನೇ. ಆದರೆ ಗಾಲಿ ನಮ್ಮ ಊರಿನ ಬಡಗಿ ಮಾಡಿದ್ದು, ಅದಕ್ಕೆ ಬಿಲ್ಲಿರಲಿಲ್ಲ. ದೋಣಿ ದೊರೆಯದು. ದೊರೆಯ ಮರ ನಮ್ಮ ಮರದಂತೆ ಒಣಗುವುದಿಲ್ಲ ಎಂದು ಅವರು ನಂಬಿದ್ದರು.

ನಾನೂ ಗಾಲಿ ನೋಡಿದೆ, ದೋಣಿ ನೋಡಿದೆ, ತಿಳಿಯಿತು. ಬಾಯಿ ಬಿಡಲಿಲ್ಲ. ಅಷ್ಟು ಗಂಡಸರ ಮುಂದೆ ಹೇಗೆ ಮಾತಾಡಲಿ ಎಂದು ಸೆರಗು ಕಚ್ಚಿಕೊಂಡು ನಿಂತೆ. ಅವರನ್ನು ಹಂಗಿಸುವಾಗ ಆ ನನ್ನನ್ನೂ ಬಿಡುವುದಿಲ್ಲ. ನಾಚಿಕೆ ಎಂದು ನಾವು ಕರೆಯುವುದರಲ್ಲಿ ಅರ್ಧ ಬರೀ ಹೇಡಿತನ.

ಕಂತ್ರಾಟುದಾರ ಹೊರಡುವಾಗ ಹೇಳಿದ, "ಒಂದು ತಾಸು ನೀರಾಗ ಇದ್ದು ಒಳಗ ಒಣಾ ಇದ್ರ ಬಳ್ಳಾರಿಗೆ ತರ್ರಿ. ನೂರಾ ಮೂವತ್ತು ಕೊಡ್ತೀನಿ."

"ಎಂಟುನೂರರ ಮಾಲಿಗೆ ನೂರಾ ಮೂವತ್ತಾ?"

"ಎಂಟುನೂರು ಕೊಟ್ಟಾವ ತನ್ನ ದೇಶಕ್ಕ ಹೋದ. ನನಗ ತೇಲಿದ್ರ ನೂರಾ ಮೂವತ್ತು, ಮುಳುಗಿದ್ರ ಕಟಿಗಿ."

ದೋಣಿ ಮತ್ತೆ ಚಪ್ಪರ ಸೇರಿತು. ಮರುವಾರ ನಿಮ್ಮ ತಾತ ನಂಟರ ಮದುವೆಗೆಂದು ಆದೋನಿಗೆ ಹೊರಟರು, ಎಂಟು ದಿನಕ್ಕೆ. ಬಂಡಿ ಬೀದಿ ತಿರುಗಿದ್ದೇ ತಡ, ನಾನು ಅಂಬಿಗನ ಹೆಂಡತಿಯ ಬಳಿಗೆ ಹೋದೆ. ಅಂಬಿಗನೊಡನೆ ನೇರ ಮಾತಾಡುವ ಧೈರ್ಯ ಆಗಲೂ ಇರಲಿಲ್ಲ. ಅವಳಿಗೆ ಹೇಳಿದೆ, ಅವಳು ಒಳಗಿದ್ದ ಗಂಡನಿಗೆ ಕೂಗಿ ಹೇಳಿದಳು, ಅವನು ಒಳಗಿನಿಂದಲೇ, "ಆರು ವರ್ಷ ಆತು ಹೇಳಿ" ಎಂದ. ಅಂದು ಮಧ್ಯಾಹ್ನವೇ ಆರು ಜನ ಬಂದು ದೋಣಿ ಹೊತ್ತರು. ನಮ್ಮತ್ತೆ ಅಂಗಳದಲ್ಲೇ ಕೂತಿದ್ದರು. ಗೋಡೆಯ ಕಡೆ ಮುಖ ತಿರುಗಿಸಿ, "ನನ್ನ ಕಣ್ಣು ಮಬ್ಬಾಗ್ಯಾವ ನೋಡಬೇ. ಏನು ಹೊಂಟೈತೋ, ಏನು ಬಂದೈತೋ, ಒಂದೂ ಕಾಣವಲ್ದು" ಎಂದರು. ಆಮೇಲೆ ದನಿ ತಗ್ಗಿಸಿ, "ಹಾಯಿ ಬಟ್ಟಿ ಕೇಳಿದ್ರ ನನಗ ಗೊತ್ತಿಲ್ಲ" ಎಂದರು.

ಕಲ್ಲು ತುಂಬಿ ದೋಣಿಯನ್ನು ಗಾಲಿಗಳ ಪಕ್ಕಕ್ಕೇ ಮುಳುಗಿಸಿದರು. ಎಂಟು ದಿನವೂ ನೀರು ತರುವ ನೆವದಲ್ಲಿ ಹೋಗಿ ನೋಡಿ ಬಂದೆ.

ನಿಮ್ಮ ತಾತ ಬಂದವರು ನೇರ ಚಪ್ಪರಕ್ಕೆ ಹೋದರು. ಬರಿದಾದ ಜಾಗದಲ್ಲಿ ಎರಡು ಕೋಳಿ ಓಡಾಡುತ್ತಿದ್ದವು.

"ದೋಣಿ ಎಲ್ಲಿ?"

"ಹೊಳ್ಯಾಗ" ಎಂದೆ.

"ತೇಲಾಕತ್ತೈತಾ?"

"ಮುಳುಗೈತಿ."

ಅವರು ನಿಂತಲ್ಲೇ ಕೂತರು. "ಎಂಟುನೂರು ರೂಪಾಯಿ! ಮುಳುಗಿಸಿಬಿಟ್ಯಾ ನನ್ನ ಎಂಟುನೂರು ರೂಪಾಯಿ!"

"ಬಂಡಿ ಗಾಲಿ ಬಾಯಿ ಬಿಟ್ರ ಎಲ್ಲಿ ಹಾಕ್ತೀರಿ?" ಎಂದೆ. ಮದುವೆಯಾಗಿ ಅಷ್ಟು ವರ್ಷಕ್ಕೆ, ಉತ್ತರ ನನಗೇ ಗೊತ್ತಿದ್ದೂ ನಾನು ಅವರನ್ನು ಕೇಳಿದ ಮೊದಲ ಪ್ರಶ್ನೆಯದು. ಅವರು ನನ್ನ ಮುಖ ನೋಡಿದರು. ಎದ್ದು ಹೊಳೆಗೆ ಹೋದರು. ಕಲ್ಲು ತೆಗೆದು ನೀರು ಚೆಲ್ಲಿದ ಮೇಲೆ ದೋಣಿ ಬಾತುಕೋಳಿಯ ಹಾಗೆ ಎದ್ದು ನಿಂತಿತಂತೆ. ಒಂದು ತಾಸಲ್ಲ, ಸಂಜೆಯವರೆಗೂ ಒಳಗೆ ಒಂದು ಹನಿ ಇರಲಿಲ್ಲವಂತೆ. ಮನೆಗೆ ಬಂದು ಅವರು ಹೇಳಿದ್ದು ಒಂದೇ ಮಾತು: "ಬಣ್ಣ ಹೋತು."

ಬಳ್ಳಾರಿಗೆ ಒಯ್ಯುವ ದಿನ ಮತ್ತೆ ಅದೇ ಮಂಕು. ಒಣ ಬಂಡಿಯ ಮೇಲೆ ಹೇರಿ ಎರಡು ದಿನ ಬಿಸಿಲಲ್ಲಿ ಒಯ್ಯಲು ಸಿದ್ಧರಾದರು.

"ಮತ್ತ ಬಾಯಿ ಬಿಡ್ತೈತಿ. ಗೋಣಿತಟ್ಟು ಹಾಸಿ ನೀರು ಹೊಯ್ಕೊಂತ ಹೋಗಬೇಕು" ಎಂದೆ.

"ಎತ್ತು ಹೊಡಿಯಾವ ನಾನು. ನೀರು ಹೊಯ್ಯಾವರು ಯಾರು?"

"ನಾನು."

ಹಾಗೆ ನಾನು ಹಾಯಿದೋಣಿಯಲ್ಲಿ ಕೂತು ಪ್ರಯಾಣ ಮಾಡಿದೆ ಮಕ್ಕಳೇ, ಒಣ ನೆಲದ ಮೇಲೆ. ಬಂಡಿಯ ಮೇಲೆ ದೋಣಿ, ಅದರ ಮೂತಿಗೆ ಮಾಳಿಗೆಯಿಂದ ಇಳಿಸಿ ಸುತ್ತಿ ಕಟ್ಟಿದ ಹಾಯಿ, ದೋಣಿಯಲ್ಲಿ ಹಸಿ ಗೋಣಿತಟ್ಟು, ಅದರ ಮೇಲೆ ನಾನು, ನನ್ನ ಎರಡು ಬದಿಗೆ ಎರಡು ಹಂಡೆ. ಬಾವಿ ಕಂಡಲ್ಲೆಲ್ಲ ಬಂಡಿ ನಿಲ್ಲಿಸುವುದು, ಹಂಡೆ ತುಂಬುವುದು. ಹತ್ತಿ ಹೊಲದ ಹೆಂಗಸರು ಕೆಲಸ ಬಿಟ್ಟು ನೋಡಿದರು. ಬಿಸಿಲು ತಲೆಯ ಮೇಲೆ, ನೀರು ಸೀರೆಯ ಕೆಳಗೆ. ಮನೆಗೆ ನಂಟರು ಬಂದರೆ ಒಳಗೆ ಓಡುತ್ತಿದ್ದ ನಾನು, ದೇವರ ಉತ್ಸವಮೂರ್ತಿಯಂತೆ ಎತ್ತರದಲ್ಲಿ ಕೂತು ಊರೂರು ದಾಟಿದೆ.

ಸಂಜೆಗೆ ಕುರುಗೋಡು. ನನ್ನದೇ ಊರು, ನಾನು ಪಾಟಿ ಹಿಡಿದು ಶಾಲೆಗೆ ಹೋದ ಬೀದಿ. ಮಕ್ಕಳ ದಂಡು ಹಿಂದೆ ಬಿತ್ತು. ಕಟ್ಟೆಯ ಮೇಲೆ ಕೂತಿದ್ದ ಮುದುಕಿಯೊಬ್ಬಳು ಹಣೆಗೆ ಕೈ ಹಚ್ಚಿ ನೋಡಿದಳು.

"ಯಾಕ ತಂಗಿ, ಹೊಳಿ ತಪ್ಪಿಸಿಕೊಂಡು ಬಂದ್ಯಾ?"

"ಮಗಳು ತವರಿಗೆ ಬಂಡ್ಯಾಗ ಬರ್ತಾಳ, ಈಕಿ ಹಡಗಿನಾಗ ಬಂದಾಳ!" ಎಂದು ಇನ್ನೊಬ್ಬಳು ಸೇರಿಸಿದಳು.

ನಾನು ತಲೆ ತಗ್ಗಿಸಿ ಗೋಣಿತಟ್ಟಿಗೆ ನೀರು ಹೊಯ್ದೆ. ನಮ್ಮವ್ವ ಬಾಗಿಲಿಗೆ ಬಂದಳು. ನನ್ನ ಎರಡೂ ಕೈಯಲ್ಲಿ ಹಂಡೆ ಇತ್ತು, ಸೆರಗು ಜಾರಿತ್ತು. ಆರು ವರ್ಷ ಮುಚ್ಚಿದ್ದ ಕೊರಳನ್ನು ಅವಳು ಬೀದಿಯ ನಡುವೆ ಕಂಡಳು. ಆಮೇಲೆ ದೋಣಿಯನ್ನು ನೋಡಿದಳು, ಎತ್ತಿನ ನೊಗದಲ್ಲಿ ಏನೋ ಹುಡುಕುವವರಂತೆ ಬಗ್ಗಿದ್ದ ಅಳಿಯನನ್ನು ನೋಡಿದಳು. ಅವಳಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ.

"ಸರ ಎಲ್ಲಿಬೇ?" ಎಂದಳು, ಕೇಳಬೇಕೆಂದು.

"ತರಾಕ ಹೊಂಟೀನಿ."

ಅವಳು ಒಳಗೆ ಹೋಗಿ ನಾಲ್ಕು ಕೊಡ ನೀರು ತಂದು ತಾನೇ ದೋಣಿಗೆ ಹೊಯ್ದಳು. ಮರುದಿನ ಬೆಳಗ್ಗೆ ಹೊರಡುವಾಗಲೂ ನಾಲ್ಕು ಕೊಡ. ಅಳಿಯನಿಗೆ ಕಟ್ಟಿದ ರೊಟ್ಟಿಯ ಗಂಟನ್ನೂ ನನ್ನ ಕೈಗೇ ಕೊಟ್ಟಳು.

ಹಿಂದಿನ ವಾರ ಮಳೆ ಬಿದ್ದು ಬಳ್ಳಾರಿಯ ಹೊರಗಿನ ಕೆರೆಯಲ್ಲಿ ಅದೃಷ್ಟಕ್ಕೆ ನೀರಿತ್ತು. ಕಂತ್ರಾಟುದಾರ ಕೈಗಡಿಯಾರ ನೋಡುತ್ತ ಒಂದು ತಾಸು ಮರದ ನೆರಳಲ್ಲಿ ಕೂತ. ದೋಣಿಯ ಒಳಗೆ ಒಂದು ಹನಿ ನೀರು ಬರಲಿಲ್ಲ. ಆಮೇಲೆ, "ಹಾಯಿ ಬಿಚ್ರಿ" ಎಂದ. ಬಿಚ್ಚಿ ಕೊಡವಿದ್ದೇ, ಅವನೂ ಅವನ ಆಳುಗಳೂ ನಿಮ್ಮ ತಾತನೂ ಸೀನತೊಡಗಿದರು. ಆರು ವರ್ಷದ ಮೆಣಸಿನಕಾಯಿ ಘಾಟು. ಬಿಳಿ ಹಾಯಿಯ ಮೇಲೆಲ್ಲ ಕೆಂಪು ಕಲೆ.

"ಇದೇನ್ರೀ, ಹಾಯಿಗೆ ಒಗ್ಗರಣಿ ಹಾಕೀರೇನು?" ಎಂದು ಕಣ್ಣೊರೆಸಿಕೊಂಡ. "ಹಾಯಿಗೆ ಹತ್ತು ಕಡಿಮಿ. ನೂರಾ ಇಪ್ಪತ್ತು."

ನಿಮ್ಮ ತಾತ ಚೀಲದಿಂದ ಚೌಕಟ್ಟು ತೆಗೆದರು. ಅದನ್ನೂ ತಂದಿದ್ದರು! "ಬಿಲ್ಲೂ ಕೊಡ್ತೀನಿ, ನೂರೈವತ್ತು ಮಾಡ್ರಿ."

"ಬಿಲ್ಲು ನೀವ ಇಟ್ಕೋರಿ ಗೌಡ್ರ. ಅದು ತೇಲಂಗಿಲ್ಲ."

ಅವನು ನೋಟು ಎಣಿಸಿ ನಿಮ್ಮ ತಾತನತ್ತ ಚಾಚಿದ. ಆ ಹಣ ಆ ಕೈಗೆ ಹೋದರೆ ದಂಡಿನ ಕಡೆ ಮತ್ತಾವುದೋ ಬಂಗಲೆಯ ಮುಂದೆ ನಿಲ್ಲುತ್ತದೆ ಎಂದು ನನಗೆ ಗೊತ್ತಿತ್ತು. ನಾನು ಬಂಡಿಯ ಹಿಂದಿನಿಂದ ಬಂದು ನಡುವೆ ನಿಂತು ಸೆರಗು ಒಡ್ಡಿದೆ. ಕಂತ್ರಾಟುದಾರ ನಿಮ್ಮ ತಾತನನ್ನು ನೋಡಿದ. ನಿಮ್ಮ ತಾತ ಎತ್ತುಗಳನ್ನು ನೋಡಿದರು. ಹಣ ಸೆರಗಿಗೆ ಬಿತ್ತು.

ಪತ್ತಾರರ ಅಂಗಡಿಗೆ ನಾನೇ ಮುಂದೆ ನಡೆದೆ. ನನ್ನ ಗುಂಡುಗಳು ಎಂದೋ ಕರಗಿ ಬೇರೆ ಯಾರ ಮೈಮೇಲೋ ಹೋಗಿದ್ದವು. ಬಂಗಾರ ತುಟ್ಟಿಯಾಗಿತ್ತು. ಅಷ್ಟು ಹಣಕ್ಕೆ ಹತ್ತೊಂಬತ್ತೇ ಬಂದವು. ಎರಡು ಅರಗಿನ ಗುಂಡು ಹಾಕಿ ಪತ್ತಾರ ಇಪ್ಪತ್ತೊಂದು ಮಾಡಿಕೊಟ್ಟ. ಬರುವಾಗ ಕುರುಗೋಡಿನಲ್ಲಿ ನಮ್ಮವ್ವ ಒಂದೊಂದನ್ನೂ ಬೆರಳಿನಿಂದ ಮುಟ್ಟಿ ನೋಡಿದಳು. ಅರಗಿನವಕ್ಕೆ ಬಂದಾಗ ಬೆರಳು ನಿಂತಿತು. "ಕೊಂಡಿ ಬಿಗಿ ಐತಿ" ಎಂದಳು, ಅಷ್ಟೇ.

ಬಿಲ್ಲು ಮತ್ತೆ ಗೋಡೆಗೆ ಹೋಯಿತು. ದೋಣಿಯಿಲ್ಲದ ಬಿಲ್ಲು. ನಿಮ್ಮ ತಾತ ಸಾಯುವತನಕ ಬಂದವರಿಗೆಲ್ಲ ಅದನ್ನು ತೋರಿಸಿ, "ನಮ್ಮನ್ಯಾಗ ಎಂಟುನೂರರ ದೋಣಿ ಇತ್ತು" ಎನ್ನುತ್ತಿದ್ದರು. ಕೊಟ್ಟಷ್ಟೇ ಬಂತೆಂದು ಯಾರಿಗೂ ಹೇಳಲಿಲ್ಲ, ಮುಳುಗಿದ್ದನ್ನಂತೂ ಹೇಳಲೇ ಇಲ್ಲ. ಅವರು ಹೋದ ಮೇಲೆ ಪಟಕ್ಕೆ ಹೊಸ ಚೌಕಟ್ಟು ಯಾಕೆಂದು ನಾನೇ ಅವರ ಭಾವಚಿತ್ರವನ್ನು ಆ ಬಿಲ್ಲಿನ ಮೇಲೆ ಕೂರಿಸಿದೆ. ಅವರಿಗೂ ಅದೇ ಸೇರುತ್ತಿತ್ತು.

ಅವರು ಹೋದ ದಿನ ತಾಳಿ ತೆಗೆದ ಹೆಂಗಸರು, "ಇದನ್ನೂ ತೆಗಿ, ಇನ್ನ ಯಾಕ ನಿನಗ" ಎಂದು ನನ್ನ ಗುಂಡಿನ ಸರಕ್ಕೆ ಕೈ ಹಾಕಿದರು. ನಾನು ಆ ಕೈ ಹಿಡಿದು ತಡೆದೆ. ತಾಳಿ ನಿಮ್ಮ ತಾತ ಕಟ್ಟಿದ್ದು, ಹೋಗಲಿ. ಇದನ್ನು ನಾನು ಸಿರುಗುಪ್ಪದಿಂದ ಬಳ್ಳಾರಿಯವರೆಗೆ ಗೋಣಿತಟ್ಟಿಗೆ ನೀರು ಹೊಯ್ದು ತಂದದ್ದು. ಬಿಲ್ಲು ಬೇಕಾದರೆ ನೀವು ಮೂವರೂ ಹಂಚಿಕೊಳ್ಳಿ.